ಹೇಮಂತದ ಗಾನವೂ ಅದರ ಫಲವೂ

 

ಗಾನವು ಕಿವಿಗೆ ಇಂಪನ್ನು ಕೊಟ್ಟ ಮಾತ್ರದಿಂದಲೇ ಸಾರ್ಥಕವಾಗುವದೋ, ಅಥವಾ ಅದಕ್ಕೆ ಬೇರೊಂದು ಫಲವೂ ಉಂಟೋ? ಈ ಪ್ರಶ್ನೆಗೆ ಪಾಶ್ಚಾತ್ಯ ಸಂಗೀತದ ಕೃತಿಯೊಂದು ತಕ್ಕ ಉತ್ತರವನ್ನು ಕೊಡುವದು.

ಐರೋಪ್ಯ ದೇಶಗಳಲ್ಲಿ ಹೇಮಂತಋತುವಿನ ಹಗಲು ಬಲು ಕಿರಿದು. ಜನರು ಚಳಿಗೆ ಅಂಜಿ ಒಲೆಯ ಬಳಿ ಸೇರುವ ಆ ಕಾಲದಲ್ಲಿಯೇ ಕ್ರಿಸ್ತಜಯಂತಿಯು ಬರುವದು. ಆಗ ಅಲ್ಲಿಯ ಅನೇಕ ನಗರಗಳಲ್ಲಿ ಹಾಡಲ್ಪಡುವ ಮಹಾಕೃತಿಯೇ ಹ್ಯಾಂಡೆಲ್ ಎಂಬ ಸಂಗೀತಗಾರನ ‘ಮೆಸ್ಸಾಯ’.

ಈತನು 1685ರಲ್ಲಿ ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಹುಟ್ಟಿ, ತಾರುಣ್ಯದಲ್ಲಿ ಕೆಲವು ವರ್ಷ ಇಟಲಿಯಲ್ಲಿದ್ದು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದನು. ಇಟಲಿಯ ಗುಡ್ಡಗಾಡಿನ ಕುರಿಗಾಹಿಗಳು ಈ ಹಬ್ಬದ ಮುನ್ನ ರೋಮ್ ನಗರಕ್ಕೆ ಇಳಿದು ಬಂದು, ಬೀದಿಗಳಲ್ಲಿ ಓಲಗದಂಥ ವಾದ್ಯಗಳನ್ನು ಊದುವ ವಾಡಿಕೆಯಿದ್ದಿತು. ಮೆಸ್ಸಾಯದಲ್ಲಿ, ಇರುಳಿನಲ್ಲಿ ಕುರಿ ಕಾಯುವವರಿಗೆ ಶಿಶುಜನನದ ವಾರ್ತೆಯು ಮುಟ್ಟುವ ಮುನ್ನ, ಹಾಡಿಲ್ಲದೆ ವಾದ್ಯಗಳಷ್ಟೇ ನುಡಿಯುವ ಭಾಗವೊಂದುಂಟು. ಅದಕ್ಕೆ ಆ ಊದುವವರ ನೆನಪಿನಿಂದ ‘ಪೀಫಾ’ ಎಂದು ಹೆಸರಿಟ್ಟನು. ಕೆಳಗಿನ ಸ್ವರವು ಶ್ರುತಿಯಂತೆ ನಿಲ್ಲುವದು. ಅದರ ಮೇಲೆ ರಾಗವು ತೊಟ್ಟಿಲಿನಂತೆ ತೂಗುವದು. ಕೇಳುವವರ ಮುಂದೆ ಚಳಿಗಾಲದ ನಿಶ್ಶಬ್ದವಾದ ಇರುಳೇ ಬಂದು ನಿಂತಂತಾಗುವದು.

ಆದರೆ ಇದರ ಪ್ರಥಮ ಗಾಯನವು ಚಳಿಗಾಲದಲ್ಲಿ ಆಗಲಿಲ್ಲವೆಂಬುದು ವಿಚಾರಾರ್ಹವು. 1741ರಲ್ಲಿ 24 ದಿನಗಳೊಳಗೆ ರಚಿತವಾದ ಈ ಕೃತಿಯನ್ನು 1742ನೆಯ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹಾಡಿದರು. ಹೆಚ್ಚು ಜನರಿಗೆ ಎಡೆಯಾಗಲೆಂದು, ಸ್ತ್ರೀಯರು ಒಳಗೆ ಬಳೆಕಟ್ಟಿ ಅಗಲಮಾಡಿದ ಲಂಗಗಳನ್ನೂ ಪುರುಷರು ಖಡ್ಗಗಳನ್ನೂ ಬಿಟ್ಟು ಬರಬೇಕೆಂದು ಮೊದಲೇ ಬಿನ್ನವಿಸಲಾಗಿತ್ತು. ಸುಮಾರು 700 ಜನರು ನೆರೆದರು. ಬಂದ ಸುಮಾರು 400 ಪೌಂಡುಗಳು ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾರದೆ ಸೆರೆಬಿದ್ದವರ ವಿಮೋಚನೆಗೂ ವಿನಿಯೋಗವಾದವು. 142 ಜನರು ಸೆರೆಯಿಂದ ಹೊರಬಂದು ತಮ್ಮ ಮನೆಮಠಗಳನ್ನು ಕಾಣುವಂತಾಯಿತು.

ಅಷ್ಟಕ್ಕೇ ನಿಲ್ಲದೆ ಆತನು 1750ರಿಂದ ಲಂಡನ್ನಿನ ಪರಿತ್ಯಕ್ತ ಶಿಶುಗಳ ಆಶ್ರಮದ ಸಹಾಯಾರ್ಥವಾಗಿ ವರ್ಷವರ್ಷವೂ ಇದನ್ನು ಹಾಡಿಸಿದನು; 1759ರಲ್ಲಿ ದೇಹವನ್ನು ಬಿಡುವ ಮುನ್ನ ಇದರ ಪ್ರತಿಯೊಂದು ಆ ಆಶ್ರಮಕ್ಕೇ ಸಲ್ಲಬೇಕೆಂದು ಮರಣಶಾಸನದಲ್ಲಿ ಬರೆಯಿಸಿದನು.

ಇದರಿಂದ ವೇದ್ಯವಾಗುವದೇನೆಂದರೆ: ಚಳಿಯ ಇರುಳನ್ನು ಸ್ವರಗಳಿಂದ ಚಿತ್ರಿಸುವದು ವಿದ್ಯೆಯ ಬಲದಿಂದ ಸಾಧ್ಯವು. ಚಳಿಯಲ್ಲಿ ನಡುಗುವವನಿಗೆ ಆ ಸ್ವರಗಳೇ ಹೊದಿಕೆಯಾಗುವದು ದಯೆಯ ಬಲದಿಂದ ಮಾತ್ರ ಸಾಧ್ಯವು. ಎರಡೂ ಕೂಡಿದಲ್ಲಿಯೇ ಗಾನವು ಪೂರ್ಣಫಲವನ್ನು ಕೊಡುವದು.