ಮುಂದಾಳುಗಳ ದಿನಚರಿ

(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ವಕೀಲರಾದ ನಮ್ಮನ್ನು ಕರೆದು ದೇಹಾರೋಗ್ಯದ ವಿಷಯವಾಗಿ ಮಾತನಾಡಿರೆಂದು ತಾವು ಅಪ್ಪಣೆ ಕೊಡಿಸಿದುದು ತುಸು ವಿಚಿತ್ರವೇ ಸರಿ. ವೈದ್ಯರು ಹೇಳಬೇಕಾದುದನ್ನು ನಾವು ಹೇಳಲಾರೆವು. ಆದರೆ ಸಾಕ್ಷ್ಯವನ್ನು ಮುಂದಿಟ್ಟು ವಾದಿಸುವುದು ನಮ್ಮ ಕಸುಬು. ಆದುದರಿಂದ ಇಬ್ಬರು ಮಹಾಪುರುಷರ ಜೀವಿತವನ್ನೇ ಸಾಕ್ಷ್ಯವಾಗಿ ತಮ್ಮ ಮುಂದಿಡುತ್ತೇವೆ.

1902ರ ಆರಂಭದಲ್ಲಿ ಗಾಂಧೀಜಿಯವರು ಕಲಕತ್ತೆಯಲ್ಲಿ ಗೋಪಾಲಕೃಷ್ಣ ಗೋಖಲೆಯವರ ಅತಿಥಿಗಳಾಗಿ ಒಂದು ತಿಂಗಳಿದ್ದರು. ಗೋಖಲೆಯವರಿಗೆ ಆಗ 35 ವರ್ಷ. ಅವರ ದಿನಚರಿಯಲ್ಲಿ ಒಂದು ಕ್ಷಣವೂ ವ್ಯರ್ಥವಿರಲಿಲ್ಲ. ಆಡಿದ ಮಾತೆಲ್ಲ ದೇಶದ ಹಿತವನ್ನು ಕುರಿತೇ. ಇದನ್ನು ಕಂಡು ಅತಿಥಿಗಳು ಬೆರಗಾದರು. ಆದರೆ ಒಂದು ಕೊರತೆಯೂ ಅವರ ಕಣ್ಣಿಗೆ ಬಿದ್ದಿತು: ಗೋಖಲೆಯವರು ನಡೆದಾಡುವುದಕ್ಕೆಂದು ಮನೆ ಬಿಟ್ಟು ಹೊರಡುತ್ತಲೇ ಇರಲಿಲ್ಲ. ಹೀಗಿದ್ದ ಮೇಲೆ ಕಾಯಿಲೆ ಬಾರದೆ ಹೇಗಿದ್ದೀತು, ದೇಶಕಾರ್ಯವು ದೇಹಶ್ರಮಕ್ಕೆ ಹೊತ್ತನ್ನೇ ಉಳಿಸಬಾರದೆ, ಎಂದು ಗಾಂಧೀಜಿಯವರು ಕೇಳಿಯೇಬಿಟ್ಟರು. ತಿರುಗಾಡಲು ತಮಗೆ ಬಿಡುವೆಲ್ಲಿದೆ ಎಂಬುದೇ ಗೋಖಲೆಯವರ ಉತ್ತರ. ಗುರುಗೌರವದಿಂದ ಗಾಂಧೀಜಿಯವರು ಸುಮ್ಮನಾದರು, ಸಮಾಧಾನವಂತೂ ಆಗಲಿಲ್ಲ. ಕೆಲಸವೆಷ್ಟೇ ಇರಲಿ, ಊಟಕ್ಕೆ ಹೊತ್ತು ದೊರೆಯುವಂತೆ ವ್ಯಾಯಾಮಕ್ಕೂ ದೊರೆಯಲೇಬೇಕೆಂಬ ತಮ್ಮ ನಂಬಿಕೆಯನ್ನು ಅವರು ಆತ್ಮಕಥೆಯಲ್ಲಿ ಈ ಪ್ರಸಂಗದೊಡನೆಯೇ ಬರೆದಿಟ್ಟಿದ್ದಾರೆ.

ಮುಂದೆ ನಡೆದುದನ್ನು ಉಪಾಧ್ಯಾಯರಾದ ತಾವು ವಿಶೇಷವಾಗಿ ಗಮನಿಸಬೇಕು. ಗೋಖಲೆಯವರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದವರೇ. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಮಸೂದೆಯನ್ನು 1911ರಲ್ಲಿ ಮಂಡಿಸಿ, ವರ್ಷವಿಡೀ ಅದಕ್ಕಾಗಿ ದುಡಿದು, 1912ರಲ್ಲಿ ಅದು ಬಿದ್ದುಹೋದುದನ್ನು ಕಂಡರು. ದಣಿವಾರಿಸಿಕೊಂಡರೆ? ಇಲ್ಲ. ಅದೇ ವರ್ಷ ದಕ್ಷಿಣ ಆಫ್ರಿಕಕ್ಕೆ ಪಯಣ. ಆ ಬಳಿಕ ಸರಕಾರಿ ನೌಕರಿಗಳ ಆಯೋಗದ ಕೆಲಸ. ಮಧುಮೇಹವು ಒಳಗೊಳಗೇ ದೇಹವನ್ನು ತಿನ್ನುತ್ತಿತ್ತು. 1915ರ ಜನವರಿ 9ರಂದು ಗಾಂಧೀಜಿಯವರು ಸ್ವದೇಶಕ್ಕೆ ಮರಳಿದರು. ಪುಣೆಯಲ್ಲಿ ಭಾರತ ಸೇವಕ ಸಂಘದವರು ಅವರ ಸಲುವಾಗಿ ಕಡಲೆಕಾಯಿ, ಖರ್ಜೂರ, ಹಣ್ಣುಗಳ ಉಪಾಹಾರವನ್ನು ಏರ್ಪಡಿಸಿದಾಗ ಗೋಖಲೆಯವರು ಪಟ್ಟು ಹಿಡಿದು ಬಂದರು, ಬಂದಲ್ಲೇ ಮೂರ್ಛೆ ಹೋದರು; ಅವರನ್ನು ಎತ್ತಿಕೊಂಡು ಹೋಗಬೇಕಾಯಿತು. ಫೆಬ್ರುವರಿ 19ರಂದು ತೀರಿಕೊಂಡರು. ವಯಸ್ಸು 48. ತನ್ನ ಶಿಷ್ಯನು ಈ ನೆಲದಲ್ಲಿ ಕೆಲಸಕ್ಕೆ ತೊಡಗುವ ಹೊತ್ತಿಗೆ ಗುರು ಇರಲಿಲ್ಲ.

ದಿನವೂ ನಡೆದಿದ್ದರೆ ಗೋಖಲೆಯವರು ಬದುಕಿ ಉಳಿಯುತ್ತಿದ್ದರೆಂದು ನಾವು ವಾದಿಸುವುದಿಲ್ಲ. ಅದು ಸಾಕ್ಷ್ಯವನ್ನು ಮೀರಿದ ಮಾತಾದೀತು. ಮಧುಮೇಹಕ್ಕೆ ಇನ್ಸುಲಿನ್ ದೊರೆತುದೇ 1921ರಲ್ಲಿ. ಆದರೂ ನಡೆಯುವಾಗ ಸ್ನಾಯುಗಳು ರಕ್ತದೊಳಗಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆಂಬುದು ಈಗ ಸ್ಥಿರಪಟ್ಟ ವಿಷಯ.

ಇನ್ನು ಶಿಷ್ಯನ ಕಡೆಗೆ ಬರೋಣ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ದಿನಕ್ಕೆ ಎಂಟು ಹತ್ತು ಮೈಲಿ ನಡೆದವರು; ಟಾಲ್‌ಸ್ಟಾಯ್ ಆಶ್ರಮದಿಂದ ಜೋಹಾನ್ಸ್‌ಬರ್ಗಿಗೆ 21 ಮೈಲಿಯನ್ನು ಕಾಲ್ನಡೆಯಲ್ಲೇ ಕ್ರಮಿಸಿದವರು. ಬೆಳಗಿನ ಜಾವದ ಏಳುವಿಕೆ, ಮಿತಾಹಾರ, ಸೋಮವಾರದ ಮೌನ, ಇವೆಲ್ಲ ತಮಗೆ ತಿಳಿದವೇ. ಇಂಥವರೂ 1927ರ ಮಾರ್ಚಿಯಲ್ಲಿ ಕುಸಿದರು! ಖಾದಿಗಾಗಿ ಊರೂರು ತಿರುಗುತ್ತ, ದಿನಕ್ಕೆ ಹಲವು ಸಭೆಗಳಲ್ಲಿ ಮಾತನಾಡುತ್ತ, ಕೊಲ್ಲಾಪುರ ನಿಪ್ಪಾಣಿಗಳ ಕಡೆಗೆ ಬರುವಷ್ಟರಲ್ಲಿ ದೇಹ ಕೈಕೊಟ್ಟಿತು. ಅತಿಶ್ರಮವೇ ಕಾರಣವೆಂದು ವೈದ್ಯರು ತೀರ್ಮಾನಿಸಿದರು. ನಡಿಗೆಯೊಂದೇ ಸಾಲದು, ವಿಶ್ರಾಂತಿಯೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಯಾವುದು?

ಇಲ್ಲಿ ಗಾಂಧೀಜಿಯವರು ವೈದ್ಯರ ಮಾತನ್ನು ಕೇಳಿದರು. ಪ್ರವಾಸವನ್ನು ನಿಲ್ಲಿಸಿ ಏಪ್ರಿಲಿನಲ್ಲಿ ನಮ್ಮ ನಂದಿಬೆಟ್ಟಕ್ಕೆ ಬಂದರು. 4,851 ಅಡಿ ಎತ್ತರದ ಆ ತಂಪಿನಲ್ಲಿ ಜೂನ್ ಆರಂಭದವರೆಗೆ ಇದ್ದು, ಆಮೇಲೆ ಬೆಂಗಳೂರಿಗಿಳಿದು, ಆಗಸ್ಟಿನ ಕೊನೆಯವರೆಗೂ ಮೈಸೂರು ಸೀಮೆಯಲ್ಲೇ ಉಳಿದರು. ಕೆಲಸ ನಿಂತಿತೆಂದು ತಿಳಿಯಬೇಡಿ. ಆತ್ಮಕಥೆಯ ಪ್ರಕರಣಗಳು ವಾರ ವಾರವೂ ಅಚ್ಚಾಗುತ್ತಲೇ ಇದ್ದುವು. ಮೂರು ವರ್ಷಗಳ ತರುವಾಯ, 1930ರಲ್ಲಿ, ಅರುವತ್ತು ತುಂಬಿದ ಈ ಮನುಷ್ಯನೇ ಸಾಬರಮತಿಯಿಂದ ದಂಡಿಗೆ 241 ಮೈಲಿ ನಡೆದನು. ಆ ಯಾತ್ರೆಯಲ್ಲಿಯೂ ಸೋಮವಾರ ನಡಿಗೆಗೆ ರಜೆ!

ಈಗ ನಮ್ಮೂರಿನ ಮುಂದಾಳುಗಳನ್ನು ನೋಡಿರಿ. ಸಂಘದ ಕಾರ್ಯದರ್ಶಿ ಯಾರು? ಹಗಲೆಲ್ಲ ಶಾಲೆಯಲ್ಲಿ ಕಂಠಶೋಷಣೆ ಮಾಡಿಕೊಂಡ ಮಾಸ್ತರರೇ. ಆರು ಗಂಟೆಗೆ ಕರೆದ ಸಭೆ ಎಂಟಕ್ಕೆ ಕೂಡುತ್ತದೆ, ಹನ್ನೊಂದಕ್ಕೆ ಮುಗಿಯುತ್ತದೆ. ನಡುವೆ ಮೂರು ಸಲ ಚಹಾ, ಮನೆಗೆ ಹೋಗಿ ಆರಿದ ಅನ್ನ, ನಾಲ್ಕು ತಾಸಿನ ನಿದ್ದೆ. ಇದನ್ನೇ ನಾವು ತ್ಯಾಗವೆಂದು ಹೊಗಳಿ ಹಾರ ಹಾಕುತ್ತೇವೆ. ಹಾರ ಹಾಕುವವರೇ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಆ ಮನುಷ್ಯನು ಒಂಬತ್ತಕ್ಕೆ ಮಲಗಬಹುದಾಗಿತ್ತು! ಪ್ರೌಢರಿಗೆ ಏಳು ತಾಸು ನಿದ್ದೆ, ವಾರಕ್ಕೆ 150 ನಿಮಿಷವಾದರೂ ಚುರುಕು ನಡಿಗೆ ಬೇಕೆಂಬುದು ಇಂದಿನ ವೈದ್ಯಶಾಸ್ತ್ರದ ಮತ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಇಷ್ಟನ್ನು ಕೊಡಲಾರದ ದೇಶಕಾರ್ಯವಾವುದೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಚಹಾ ಬಿಡಿರೆಂದು ಹೇಳುವ ಧೈರ್ಯ ನಮಗಿಲ್ಲ. ರಾತ್ರಿಯದನ್ನು ಬಿಟ್ಟರೆ ಸಾಕು.

ಆದುದರಿಂದ ಅಧ್ಯಕ್ಷರ ಅಪ್ಪಣೆಯಾದರೆ ಒಂದು ಸೂಚನೆಯನ್ನು ಮಂಡಿಸುತ್ತೇವೆ. ಈ ಸಂಘದ ಸಭೆಗಳು ಎಷ್ಟೇ ಜನ ಕೂಡಿರಲಿ, ಗೊತ್ತಾದ ಹೊತ್ತಿಗೆ ಆರಂಭವಾಗಲಿ. ಎಂಟಕ್ಕೆ ದೀಪ ಆರಿಸಲಿ. ವಾರದಲ್ಲೊಂದು ದಿನ ಕಾರ್ಯದರ್ಶಿಗಳ ಬಾಗಿಲನ್ನು ಯಾರೂ ತಟ್ಟದಿರಲಿ. ಈಗ ಎಂಟಕ್ಕೆ ಐದು ನಿಮಿಷವಿದೆ. ನಮ್ಮನ್ನು ಪ್ರಶ್ನಿಸಬೇಕೆಂದಿರುವ ಮಹನೀಯರು ನಾಳೆ ಬೆಳಿಗ್ಗೆ ಆರಕ್ಕೆ ಕೆರೆಯ ಏರಿಯ ಮೇಲೆ ಬರಬೇಕು. ನಡೆಯುತ್ತಲೇ ಉತ್ತರ ಹೇಳುತ್ತೇವೆ.