ಗ್ರಹಗಳನ್ನು ಅರಿಯೋಣ, ಅಂಜುವುದು ಬೇಡ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಈ ಹೊತ್ತಿನ ಗೋಷ್ಠಿಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಿಂದಲೂ ನೀವು ಬಂದಿದ್ದೀರಿ. ರೇಷ್ಮೆ ಹುಳು ಜ್ವರಕ್ಕೆ ಕುಳಿತಿರುವ ಬಿಡುವು ನೋಡಿಕೊಂಡು ಬಂದವರಿದ್ದೀರಿ, ತೋಟಕ್ಕೆ ನೀರು ಹಾಯಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿ ಬಂದವರಿದ್ದೀರಿ. ನಿಮ್ಮ ಶ್ರದ್ಧೆ ದೊಡ್ಡದು.

ಈ ದಿನ ಆಕಾಶದ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ನಾವು ಸಂಕಲ್ಪಿಸಿದ್ದೇವೆ. ಮಠದ ಸ್ವಾಮಿಗಳಿಗೆ ಆಕಾಶದ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಮಠಕ್ಕೆ ಬಂದು ಕಷ್ಟ ತೋಡಿಕೊಳ್ಳುವ ಭಕ್ತರಲ್ಲಿ ಅನೇಕರು ತಮ್ಮ ಕಷ್ಟ ಆಕಾಶದಿಂದಲೇ ಇಳಿದು ಬಂದಿತೆಂದು ನಂಬಿದ್ದಾರೆ. ಒಬ್ಬರಿಗೆ ಶನಿಕಾಟ, ಇನ್ನೊಬ್ಬರಿಗೆ ಕುಜದೋಷ, ಮತ್ತೊಬ್ಬರಿಗೆ ರಾಹುದೆಸೆ. ಹಾಗಾದರೆ ಈ ಗ್ರಹಗಳೆಂದರೆ ಯಾವುವು, ಅವು ಎಲ್ಲಿವೆ, ಹೇಗಿವೆ ಎಂಬುದನ್ನು ನಾವು ತಿಳಿಯಬೇಡವೇ? ವೈರಿಯೆಂದು ಹೆದರುವುದಕ್ಕೆ ಮುಂಚೆ ಅವನ ಮುಖವನ್ನಾದರೂ ನೋಡಬೇಕಲ್ಲವೇ?

ನಾವು ಪಾಠಶಾಲೆಯಲ್ಲಿ ಓದುವಾಗ ಜ್ಯೋತಿಷಕ್ಕೆ ಮೂರು ಸ್ಕಂಧಗಳೆಂದು ಕಲಿತೆವು: ಸಿದ್ಧಾಂತ, ಸಂಹಿತೆ, ಹೋರೆ. ಸಿದ್ಧಾಂತವೆಂದರೆ ಗಣಿತ. ಸೂರ್ಯ ಚಂದ್ರರು ಎಂದು ಎಲ್ಲಿರುತ್ತಾರೆ, ಗ್ರಹಣ ಯಾವಾಗ ಎಂದು ಲೆಕ್ಕ ಹಾಕುವ ಶಾಸ್ತ್ರ. ಹೋರೆಯೆಂದರೆ ಫಲ ಹೇಳುವುದು. ನಮ್ಮ ಹಿರಿಯರು ಜಗತ್ತಿಗೆ ಕೊಟ್ಟ ದೊಡ್ಡ ಕಾಣಿಕೆ ಮೊದಲನೆಯದು. ಕ್ರಿ.ಶ. ೪೯೯ರಲ್ಲಿಯೇ ಆರ್ಯಭಟನು ಭೂಮಿ ತನ್ನ ಸುತ್ತ ತಾನು ತಿರುಗುತ್ತದೆಂದು ಬರೆದನು. ದೋಣಿಯಲ್ಲಿ ಹೋಗುವವನಿಗೆ ದಡವೇ ಹಿಂದಕ್ಕೆ ಸರಿದಂತೆ ತೋರುವುದೆಂದು ಉಪಮಾನ ಕೊಟ್ಟನು. ಗ್ರಹಣವು ನೆರಳಿನ ವ್ಯಾಪಾರವೆಂದೂ ತಿಳಿಸಿದನು. ಇಂತಹ ಗಣಿತವನ್ನು ನಾವು ಮರೆತೆವು, ಫಲವನ್ನು ಮಾತ್ರ ಹಿಡಿದುಕೊಂಡು ಕುಳಿತೆವು.

ನವಗ್ರಹಗಳೆಂದು ಒಂಬತ್ತು ಹೆಸರು ಹೇಳುತ್ತೇವೆ. ಅವುಗಳಲ್ಲಿ ಸೂರ್ಯನು ಗ್ರಹವಲ್ಲ, ನಕ್ಷತ್ರ. ಚಂದ್ರನು ಭೂಮಿಯನ್ನು ಸುತ್ತುವ ಉಪಗ್ರಹ. ರಾಹು ಕೇತುಗಳು ಕಾಯಗಳೇ ಅಲ್ಲ. ಆಕಾಶದಲ್ಲಿ ಸೂರ್ಯನ ಹಾದಿಯನ್ನು ಚಂದ್ರನ ಹಾದಿ ದಾಟುವ ಎರಡು ಬಿಂದುಗಳವು. ಸಿದ್ಧಾಂತಿಗಳು ಇವನ್ನು ಪಾತಗಳೆಂದು ಕರೆದರು. ಚಿಂತಾಮಣಿಯಿಂದ ಹೊಸಕೋಟೆಗೆ ಹೋಗುವಾಗ ಎಚ್. ಕ್ರಾಸ್ ಸಿಗುತ್ತದೆ. ಅಲ್ಲಿ ಎರಡು ರಸ್ತೆಗಳು ಕೂಡುತ್ತವೆ. ರಸ್ತೆಗಳು ಕೂಡುವ ಸ್ಥಳವು ಯಾರನ್ನಾದರೂ ನುಂಗುತ್ತದೆಯೇ? ಉಳಿದವು ಐದು: ಬುಧ, ಶುಕ್ರ, ಕುಜ, ಗುರು, ಶನಿ. ನಾವು ಕಾಲಿಟ್ಟು ನಿಂತಿರುವ ಭೂಮಿಯೂ ಒಂದು ಗ್ರಹ. ಅದನ್ನು ಆ ಪಟ್ಟಿಯಲ್ಲಿ ಸೇರಿಸಲಿಲ್ಲ. ಯುರೇನಸ್, ನೆಪ್ಚೂನ್ ಎಂಬ ಇನ್ನೆರಡು ದೂರದರ್ಶಕ ಬಂದ ಮೇಲೆ ತಿಳಿದವು. ಶಿಡ್ಲಘಟ್ಟದವರು ಹುಳುವನ್ನು ಗೂಡಿಗೆ ಬಿಡುವ ಚಂದ್ರಿಕೆಯನ್ನು ನೆನೆಸಿಕೊಳ್ಳಿ. ನಡುವಿನಿಂದ ಅಂಚಿನವರೆಗೆ ಬಿದಿರಿನ ಪಟ್ಟಿ ಸುತ್ತುಸುತ್ತಾಗಿ ಇರುವಂತೆ, ನಡುವೆ ಸೂರ್ಯ, ಅವನ ಸುತ್ತ ಒಂದರಾಚೆ ಒಂದು ಗ್ರಹಗಳ ಹಾದಿ.

ಇವನ್ನೆಲ್ಲ ಅರಿಯುವ ಕೆಲಸ ಎಲ್ಲೋ ಪರದೇಶದಲ್ಲಿ ಮಾತ್ರ ನಡೆಯುತ್ತದೆಂದು ತಿಳಿಯಬೇಡಿ. ಗೌರಿಬಿದನೂರಿನ ಕಡೆಯವರು ಬಲ್ಲಿರಿ, ಗುಡ್ಡಗಳ ನಡುವಿನ ಬಯಲಿನಲ್ಲಿ ಸಾಲುಸಾಲಾಗಿ ಕಂಬ ನೆಟ್ಟು ತಂತಿ ಎಳೆದಿದ್ದಾರೆ. ದಾರಿಹೋಕರು ಕಂಡರೆ ಬಳ್ಳಿ ಹಬ್ಬಿಸದ ದ್ರಾಕ್ಷಿ ಚಪ್ಪರವೆಂದು ತಿಳಿದಾರು. ಅದು ಆಕಾಶವನ್ನು ಆಲಿಸುವ ರೇಡಿಯೋ ದೂರದರ್ಶಕ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರೂ ರಾಮನ್ ಸಂಶೋಧನಾ ಸಂಸ್ಥೆಯವರೂ ಕೂಡಿ ೧೯೭೬ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. ಪೂರ್ವ ಪಶ್ಚಿಮವಾಗಿ ಸುಮಾರು ೧.೪ ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಒಟ್ಟು ೧,೦೦೦ ಆಂಟೆನಾಗಳನ್ನು ಹೂಡಿ ಆಕಾಶದ ನಕ್ಷೆಯನ್ನು ತಯಾರಿಸಿದರು. ೧೯೯೭ರಲ್ಲಿ ಸೂರ್ಯನಿಗಾಗಿಯೇ ಮತ್ತೊಂದು ಆಂಟೆನಾ ಸಮೂಹವನ್ನು ಸ್ಥಾಪಿಸಿದರು. ಆ ಬಯಲನ್ನು ಆರಿಸಿದ್ದೇಕೆ? ಸುತ್ತಣ ಗುಡ್ಡಗಳು ಪಟ್ಟಣಗಳ ರೇಡಿಯೋ ಗದ್ದಲವನ್ನು ತಡೆಯುತ್ತವೆ. ಆಕಾಶದಿಂದ ಬರುವ ದನಿ ಬಹಳ ಕ್ಷೀಣವಾದುದು. ಕೇಳಬೇಕಾದರೆ ಮೌನ ಬೇಕು. ಇದು ಯೋಗಿಗೂ ಸತ್ಯ, ವಿಜ್ಞಾನಿಗೂ ಸತ್ಯ.

ಅಲ್ಲಿ ಕೇಳಿಸುವ ಸೂರ್ಯನು ನಮ್ಮ ಕಣ್ಣಿಗೆ ಕಾಣುವ ಸೂರ್ಯನಿಗಿಂತ ದೊಡ್ಡವನು. ದೇವರ ಮೂರ್ತಿಯ ಹಿಂದೆ ಪ್ರಭಾವಳಿ ಇರುವಂತೆ ಸೂರ್ಯಬಿಂಬದ ಸುತ್ತಲೂ ಒಂದು ಪ್ರಭಾವಳಿಯಿದೆ. ಬಿಂಬದ ಬೆಳಕಿನ ಮುಂದೆ ಅದು ಕಣ್ಣಿಗೆ ಕಾಣದು; ಪೂರ್ಣ ಸೂರ್ಯಗ್ರಹಣದ ಕೆಲವು ನಿಮಿಷ ಮಾತ್ರ ಕಾಣುತ್ತದೆ. ಆದರೆ ಕೆಲವು ಮೀಟರ್ ಉದ್ದದ ರೇಡಿಯೋ ಅಲೆಗಳು ಆ ಪ್ರಭಾವಳಿಯಿಂದಲೇ ಹೊರಡುವುದರಿಂದ, ಗ್ರಹಣವಿಲ್ಲದ ದಿನವೂ, ಮೋಡ ಕವಿದ ದಿನವೂ ಗೌರಿಬಿದನೂರಿನ ಬಯಲು ಅದನ್ನು ಗಮನಿಸಬಲ್ಲದು.

ಇನ್ನು ಆಶ್ಚರ್ಯವನ್ನು ಕೇಳಿ. ಸೂರ್ಯಬಿಂಬದ ಶಾಖ ಸುಮಾರು ೫,೫೦೦ ಡಿಗ್ರಿ. ಅದರಿಂದಾಚೆ ಇರುವ ಪ್ರಭಾವಳಿಯ ಶಾಖ ೧೦ ಲಕ್ಷ ಡಿಗ್ರಿಗೂ ಹೆಚ್ಚು! ಗೂಡು ಬೇಯಿಸುವ ಒಲೆಯಿಂದ ಹತ್ತು ಮಾರು ದೂರ ಸರಿದರೆ ಕಾವು ಕಡಿಮೆಯಾಗುವುದು ಲೋಕರೂಢಿ. ಸೂರ್ಯನಲ್ಲಿ ದೂರ ಹೋದಂತೆ ಕಾವು ನೂರಾರು ಪಟ್ಟು ಏರುತ್ತದೆ. ೧೮೬೯ರ ಗ್ರಹಣದಲ್ಲಿ ಪ್ರಭಾವಳಿಯಿಂದ ಬರುವ ಒಂದು ಹಸಿರು ಗೆರೆಯನ್ನು ಕಂಡ ಪಂಡಿತರು ಅದು ಭೂಮಿಯಲ್ಲಿಲ್ಲದ ಹೊಸ ಧಾತುವೆಂದು ಬಗೆದರು. ೧೯೪೦ರ ಸುಮಾರಿಗೆ ತಿಳಿದುಬಂತು, ಅದು ನಮ್ಮ ನೇಗಿಲಿನ ಗುಳದಲ್ಲಿರುವ ಕಬ್ಬಿಣವೇ. ವಿಪರೀತ ಶಾಖಕ್ಕೆ ಒಂದೊಂದು ಪರಮಾಣುವೂ ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ. ಅಷ್ಟು ಶಾಖ ಅಲ್ಲಿಗೆ ಹೇಗೆ ಏರಿತೆಂಬುದನ್ನು ಪೂರ್ತಿಯಾಗಿ ಬಿಡಿಸಲು ಇಂದಿಗೂ ಸಾಧ್ಯವಾಗಿಲ್ಲ. ಅದಕ್ಕಾಗಿಯೇ ನಮ್ಮ ದೇಶದವರು ೨೦೨೩ರ ಸೆಪ್ಟೆಂಬರ್ ೨ರಂದು ಆದಿತ್ಯ-ಎಲ್೧ ನೌಕೆಯನ್ನು ಹಾರಿಸಿದರು. ಅದು ೨೦೨೪ರ ಜನವರಿ ೬ರಂದು ಭೂಮಿಯಿಂದ ೧೫ ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಬಿಂಬವನ್ನು ಮರೆಮಾಡಿ ಪ್ರಭಾವಳಿಯನ್ನು ನೋಡುವ ಅದರ ಮುಖ್ಯ ಉಪಕರಣ ಸಿದ್ಧವಾದದ್ದು ಇಲ್ಲಿಯೇ ಹತ್ತಿರದ ಹೊಸಕೋಟೆಯಲ್ಲಿ.

ಸೂರ್ಯನ ಪ್ರಭಾವ ಭೂಮಿಯ ಮೇಲೆ ಬೀಳುವುದಿಲ್ಲವೆಂದು ನಾವು ಹೇಳುವುದಿಲ್ಲ. ಪ್ರಭಾವಳಿಯಿಂದ ಒಮ್ಮೊಮ್ಮೆ ಕೋಟಿ ಕೋಟಿ ಟನ್ನುಗಳ ದ್ರವ್ಯ ಸಿಡಿದು ಬರುತ್ತದೆ. ೧೯೮೯ರ ಮಾರ್ಚ್ ೧೩ರಂದು ಅಂತಹ ಸೌರ ಬಿರುಗಾಳಿ ಬೀಸಿದಾಗ ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ವಿದ್ಯುತ್ ಜಾಲವೇ ಕುಸಿದು, ಸುಮಾರು ೬೦ ಲಕ್ಷ ಜನರು ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿ ಕುಳಿತರು. ಆ ಬಿರುಗಾಳಿ ಯಾರ ಜಾತಕವನ್ನೂ ಕೇಳಲಿಲ್ಲ. ರಾಶಿ ನೋಡಿ ಒಬ್ಬರ ಮನೆಯ ದೀಪ ಆರಿಸಿ ಇನ್ನೊಬ್ಬರ ಮನೆಯ ದೀಪ ಉಳಿಸಲಿಲ್ಲ. ಪ್ರಕೃತಿಯ ನಿಯಮಕ್ಕೆ ಪಂಕ್ತಿಭೇದವಿಲ್ಲ.

ಈಗ ನಾವು ಅಂಜುವ ಗ್ರಹಗಳ ಕಡೆಗೆ ಬರೋಣ. ಶುಕ್ರನು ಸುಖ ಕೊಡುವವನೆಂದೂ ಶನಿಯು ಪೀಡಿಸುವವನೆಂದೂ ಮಾತಿದೆ. ನಿಜವಾದ ಶುಕ್ರ ಹೇಗಿದ್ದಾನೆ? ಅಲ್ಲಿಯ ನೆಲದ ಶಾಖ ೪೬೦ ಡಿಗ್ರಿಗೂ ಮೇಲೆ. ಸೀಸ ಕರಗಿ ಹರಿದೀತು. ಮೇಲೆ ಗಂಧಕಾಮ್ಲದ ಮೋಡ. ಸೂರ್ಯನನ್ನು ಸುತ್ತಲು ೨೨೫ ದಿನ ಸಾಕು. ತನ್ನ ಸುತ್ತ ಒಮ್ಮೆ ತಿರುಗಲು ೨೪೩ ದಿನ ಬೇಕು, ಅದೂ ಹಿಮ್ಮುಖವಾಗಿ. ಸಂಜೆಯ ಚುಕ್ಕೆಯಾಗಿ ಹೊಳೆಯುವ ಆ ಚೆಲುವಿನ ಒಳಗು ಇಂಥದು. ಶನಿಯೋ, ಇಡೀ ಸೌರಮಂಡಲದಲ್ಲಿ ನೋಡಲು ಅಷ್ಟು ಸುಂದರವಾದ ಗ್ರಹ ಮತ್ತೊಂದಿಲ್ಲ. ಹಿಮದ ತುಣುಕುಗಳಿಂದಾದ ಬಳೆಗಳನ್ನು ತೊಟ್ಟಿದ್ದಾನೆ. ನೀರಿಗಿಂತ ಹಗುರವಾದ ದ್ರವ್ಯ. ಅವನನ್ನು ಮುಳುಗಿಸುವಷ್ಟು ದೊಡ್ಡ ಕೆರೆಯಿದ್ದರೆ ತೇಲಿಯಾನು. ೨೦೨೫ರ ಎಣಿಕೆಯಂತೆ ಅವನಿಗೆ ೨೭೪ ಚಂದ್ರರು. ಸೂರ್ಯನಿಂದ ಸುಮಾರು ೧೪೩ ಕೋಟಿ ಕಿಲೋಮೀಟರ್ ದೂರ. ನಮಗೆ ಎಂಟೂಕಾಲು ನಿಮಿಷದಲ್ಲಿ ತಲುಪುವ ಬಿಸಿಲು ಅವನನ್ನು ಮುಟ್ಟಲು ಸುಮಾರು ೮೦ ನಿಮಿಷ ಬೇಕು.

ಅವನ ಹೆಸರಿನಲ್ಲಿಯೇ ಅರ್ಥವಿದೆ. ಶನೈಃ ಎಂದರೆ ಮೆಲ್ಲಗೆ. ಮೆಲ್ಲಗೆ ಚರಿಸುವವನು ಶನೈಶ್ಚರ. ಸೂರ್ಯನನ್ನು ಒಂದು ಸುತ್ತು ಬರಲು ಅವನಿಗೆ ೨೯ೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಸುಮಾರು ಎರಡೂವರೆ ವರ್ಷ. ಹಿಂದಿನದು, ತನ್ನದು, ಮುಂದಿನದು ಎಂದು ಮೂರು ರಾಶಿ ಸೇರಿಸಿದರೆ ಏಳೂವರೆ ವರ್ಷ. ಇದೇ ಸಾಡೇಸಾತಿ. ಹನ್ನೆರಡರಲ್ಲಿ ಮೂರು ರಾಶಿ ಎಂದರೆ, ಈ ಕ್ಷಣದಲ್ಲಿ ಈ ಸಭೆಯಲ್ಲಿರುವ ನಾಲ್ವರಲ್ಲಿ ಒಬ್ಬರಿಗೆ ಸಾಡೇಸಾತಿ ನಡೆಯುತ್ತಿರಬೇಕು. ಯಾವಾಗ ಎಣಿಸಿದರೂ ಹೀಗೆಯೇ. ಸುಖವಾಗಿರುವವರಲ್ಲೂ ಕಾಲುಭಾಗ, ಕಷ್ಟದಲ್ಲಿರುವವರಲ್ಲೂ ಕಾಲುಭಾಗ. ಬೋರ್‌ವೆಲ್ ಬತ್ತಿದ್ದಕ್ಕೆ ಕಾರಣ ಕೆರೆ ತುಂಬದಿರುವುದೇ, ಶನಿಯೇ? ಲೆಕ್ಕ ಹಾಕಿ ನೋಡಿ.

ಕುಜದೋಷದ ಮಾತು ಇನ್ನೂ ಕಠಿಣ, ಏಕೆಂದರೆ ಅದು ಹೆಣ್ಣುಮಕ್ಕಳ ಬಾಳಿನ ಮಾತು. ಹೋದ ತಿಂಗಳು ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ತಾಯಿ ಮಠಕ್ಕೆ ಬಂದು ಕಣ್ಣೀರಿಟ್ಟರು. "ಬುದ್ಧೀ, ಮಗಳು ಬಿ.ಎಸ್ಸಿ. ಪಾಸು ಮಾಡಿದ್ದಾಳೆ, ಮನೆಗೆಲಸದಲ್ಲೂ ಚೂಟಿ. ಮೂರು ಸಂಬಂಧ ಬಂದು ಮುರಿದುಹೋದವು. ಕುಜದೋಷ ಅಂತಾರೆ. ಶಾಂತಿ ಮಾಡಿಸೋಕೆ ಒಡವೆ ಅಡ ಇಡಬೇಕು ಅಂತಿದ್ದೀನಿ" ಎಂದರು. ನಾವು ಕೇಳಿದೆವು, "ಅವ್ವಾ, ಕುಜನೆಂದರೆ ಏನೆಂದು ಬಲ್ಲೆಯಾ?"

ಕುಜನೆಂದರೆ ಮಂಗಳ ಗ್ರಹ. ಭೂಮಿಯ ಅರ್ಧದಷ್ಟು ಅಗಲ. ಅವನ ಕೆಂಪು ರಕ್ತದ ಕೆಂಪಲ್ಲ, ಅಲ್ಲಿಯ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕಿನ ಕೆಂಪು. ಭೂಮಿಗೆ ಬಹಳ ಸಮೀಪ ಬಂದಾಗಲೂ ಐದೂವರೆ ಕೋಟಿ ಕಿಲೋಮೀಟರ್ ಆಚೆ ಇರುತ್ತಾನೆ. ೨೦೧೩ರ ನವೆಂಬರ್ ೫ರಂದು ಹೊರಟ ಮಂಗಳಯಾನ ೨೦೧೪ರ ಸೆಪ್ಟೆಂಬರ್ ೨೪ರಂದು, ಮೊದಲ ಪ್ರಯತ್ನದಲ್ಲಿಯೇ, ಅವನ ಸುತ್ತಣ ಕಕ್ಷೆ ಸೇರಿತು. ೨೦೨೨ರಲ್ಲಿ ಸಂಪರ್ಕ ಕಡಿಯುವವರೆಗೂ ಕೆಲಸ ಮಾಡಿತು. ಅದನ್ನು ಬೆಂಗಳೂರಿನಿಂದ ನಡೆಸಿದವರಲ್ಲಿ ಎಷ್ಟೋ ಮಂದಿ ಹೆಣ್ಣುಮಕ್ಕಳಿದ್ದರು. ಕುಜನಿಗೆ ದಾರಿ ತೋರಿದವರು ಹೆಣ್ಣುಮಕ್ಕಳು. ಅದೇ ಕುಜನ ಹೆಸರು ಹೇಳಿ ಹೆಣ್ಣುಮಕ್ಕಳ ದಾರಿ ಕಟ್ಟುವವರು ನಾವು!

ನಮ್ಮ ಕಡೆ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೆಯ ಮನೆಗಳಲ್ಲಿ ಕುಜನಿದ್ದರೆ ದೋಷವೆನ್ನುತ್ತಾರೆ. ಹನ್ನೆರಡರಲ್ಲಿ ಐದಾಯಿತು. ಸುಮಾರು ಅರ್ಧ ಊರಿಗೆ ದೋಷ ಬಂತು. ಮದುವೆಯಾಗಿ ಮಕ್ಕಳು ಮೊಮ್ಮಕ್ಕಳನ್ನು ಕಂಡ ಅರ್ಧ ಊರು ಇಲ್ಲಿಯೇ ಕುಳಿತಿದೆ. ನಾವು ಮೂರನೆಯ ಸಂಬಂಧದ ಹಿರಿಯರನ್ನು ಮಠಕ್ಕೆ ಕರೆಸಿ ಈ ಲೆಕ್ಕವನ್ನು ಅವರ ಮುಂದಿಟ್ಟೆವು. ಹುಡುಗನಿಗೆ ಹುಡುಗಿ ಒಪ್ಪಿಗೆಯಂತೆ, ಹುಡುಗಿಗೂ ಒಪ್ಪಿಗೆಯಂತೆ. "ಆಲೋಚಿಸಿ ಹೇಳುತ್ತೇವೆ, ಬುದ್ಧೀ" ಎಂದು ಹೋಗಿದ್ದಾರೆ. ಅವರು ಈ ಸಭೆಯಲ್ಲಿದ್ದರೆ ನಮ್ಮ ಮಾತು ಇಷ್ಟೇ: ಜಾತಕವನ್ನು ಮನೆಯಲ್ಲಿ ಬಿಟ್ಟು ಬನ್ನಿ, ಮಕ್ಕಳನ್ನು ಕರೆತನ್ನಿ. ಮಠದ ಸನ್ನಿಧಿಯಲ್ಲಿ ಮದುವೆ ನಡೆಯಲಿ. ಅಡ ಇಡಬೇಕಾದ ಒಡವೆ ಆ ಮಗುವಿನ ಕೊರಳಿನಲ್ಲಿರಲಿ.

ಇದು ಮಠಕ್ಕೆ ಹೊಸ ಮಾತಲ್ಲ. ಹನ್ನೆರಡನೆಯ ಶತಮಾನದ ಶರಣರು ತಿಥಿ ವಾರ ನಕ್ಷತ್ರಗಳಿಗೆ ಅಂಜಲಿಲ್ಲ. ಶಿವನನ್ನು ನೆನೆದ ದಿನವೇ ಶುಭದಿನವೆಂದು ಬಾಳಿದರು. ಅಂಗೈಯಲ್ಲಿ ಲಿಂಗವಿರುವವನು ಆಕಾಶದ ಕಲ್ಲುಮಣ್ಣಿಗೆ ಕೈಮುಗಿದು ನಡುಗಿದರೆ ಆ ಲಿಂಗಕ್ಕೆ ಬೆಲೆ ಎಲ್ಲಿ ಉಳಿಯಿತು?

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರನ್ನು ಇಲ್ಲಿ ನೆನೆಯಬೇಕು. ಬಡತನದ ಮನೆಯ ಹುಡುಗ, ಓದಿಗಾಗಿ ಬೆಂಗಳೂರಿಗೆ ನಡೆದೇ ಹೋದವರು. ಭೌತವಿಜ್ಞಾನದ ಪಂಡಿತರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ೨೦೦೫ರಲ್ಲಿ ಕಾಲವಾಗುವವರೆಗೂ ಪ್ರಶ್ನೆ ಕೇಳುವುದನ್ನು ಜನರಿಗೆ ಕಲಿಸಿದರು. ಅವರ ಹಾದಿ ಬೇರೆ, ಮಠದ ಹಾದಿ ಬೇರೆ. ಆದರೆ ಭಯವನ್ನು ಕಳೆಯಬೇಕೆಂಬಲ್ಲಿ ಎರಡು ಹಾದಿಗಳೂ ಕೂಡುತ್ತವೆ.

ಆದ್ದರಿಂದ ಭಕ್ತರೇ, ನಿಮ್ಮಲ್ಲಿ ನಾವು ಎರಡು ಭಿಕ್ಷೆಯನ್ನು ಬೇಡುತ್ತೇವೆ. ಗ್ರಹಶಾಂತಿಗೆಂದು ತೆಗೆದಿಟ್ಟ ಹಣವನ್ನು ಮಕ್ಕಳ ಓದಿಗೆ ಕೊಡಿ. ಮತ್ತು ತಿಂಗಳ ಬೆಳಕಿಲ್ಲದ ರಾತ್ರಿ ಮಕ್ಕಳನ್ನು ಅಂಗಳಕ್ಕೆ ಕರೆದು, ಬಲ್ಲವರನ್ನು ಕೇಳಿ, "ಅಗೋ ಶನಿ, ಅಗೋ ಮಂಗಳ" ಎಂದು ಬೆರಳು ಮಾಡಿ ತೋರಿಸಿ. ಬೆರಳು ಮಾಡಿ ತೋರಿಸಿದ್ದಕ್ಕೆ ಮಗು ಹೆದರುವುದಿಲ್ಲ. ಅದೇನು, ಅದೇಕೆ ಎಂದು ಕೇಳುತ್ತದೆ. ಹಾಗೆ ಕೇಳಿದ ಮಕ್ಕಳಲ್ಲಿ ಒಬ್ಬರಾದರೂ ನಾಳೆ ಗೌರಿಬಿದನೂರಿನ ಬಯಲಿನಲ್ಲಿ ಕುಳಿತು ಸೂರ್ಯನ ದನಿಯನ್ನು ಆಲಿಸಲಿ.

ಪರಶಿವನು ನಿಮ್ಮೆಲ್ಲರಿಗೂ ಅರಿವನ್ನೂ ಅಭಯವನ್ನೂ ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ. ಶರಣು ಶರಣಾರ್ಥಿ.