ಹೇಳಿದ ಸಂಬಳ, ಕೈಗೆ ಬಂದ ಸಂಬಳ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಧನೆಯ ಬಗ್ಗೆ ನಾಲ್ಕು ಮಾತಾಡು ಎಂದರು ಮೇಷ್ಟ್ರು. ಸಾಧಿಸಿದವರು ಆಗಲೇ ಮಾತಾಡಿಯಾಯಿತು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಹೇಳುವ ಸಂಬಳಕ್ಕೂ ತಿಂಗಳಾದ ಮೇಲೆ ಕೈಗೆ ಬರುವ ಸಂಬಳಕ್ಕೂ ಇರುವ ಅಂತರದ ಬಗ್ಗೆ ನಾನು ಮಾತಾಡುತ್ತೇನೆ. ಇದನ್ನು ನರಸಾಪುರದಲ್ಲಿ ಆಡದೆ ಇನ್ನೆಲ್ಲಿ ಆಡಲಿ?

ನಾವು ಓದುವಾಗ ಸುತ್ತ ರಾಗಿ ಹೊಲ, ನೀಲಗಿರಿ ತೋಪು. 2013ರಲ್ಲಿ ಹೋಂಡಾ ಬಂತು. ಆಮೇಲೆ ತೈವಾನಿನ ವಿಸ್ಟ್ರಾನ್ ಬಂದು ಐಫೋನ್ ಜೋಡಿಸತೊಡಗಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ಮಗ ಐಫೋನ್ ಕಂಪನಿಯಲ್ಲಿದ್ದಾನೆ ಎಂದರೆ ಅದಕ್ಕೊಂದು ತೂಕ.

2020ರ ಡಿಸೆಂಬರ್ 12, ಶನಿವಾರ ಬೆಳಿಗ್ಗೆ ಏನಾಯಿತೆಂದು ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಟಿವಿಯವರು ದಿನವಿಡೀ ಒಡೆದ ಗಾಜು ತೋರಿಸಿದರು. ನಷ್ಟ 437 ಕೋಟಿ ಎಂಬ ಸುದ್ದಿ ಮೊದಲು ಓಡಿತು. ಆಮೇಲೆ ಕಂಪನಿಯೇ 26ರಿಂದ 52 ಕೋಟಿ ಎಂದಿತು. ಗಾಜು ಒಡೆದದ್ದು ತಪ್ಪೇ. ನೂರೈವತ್ತಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಹೆಸರಿನ ಮೇಲೆ ಒಂದು ಕೇಸಿದ್ದರೆ ಮುಂದಿನ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ದಾಟುವುದು ಎಷ್ಟು ಕಷ್ಟ ಎಂದು ನಮ್ಮಂಥ ಕಂಪನಿಗಳಲ್ಲಿ ಇರುವವರಿಗೆ ಗೊತ್ತು.

ಆದರೆ ಗಾಜಿನ ಹಿಂದಿನ ಲೆಕ್ಕ ನೋಡಿ. ಬಿಇ ಓದಿದವರಿಗೆ 21,000 ಎಂದು ಹೇಳಿ ಮೊದಲು 16,000, ಆಮೇಲೆ 12,000 ಕೊಟ್ಟರು ಎಂಬುದು ಕಾರ್ಮಿಕರ ದೂರು. ಕಾರ್ಖಾನೆಗಳ ಇಲಾಖೆಯವರು ತನಿಖೆ ಮಾಡಿದಾಗ ಹೊರಬಿದ್ದದ್ದು ಇಷ್ಟು: ಸ್ವಲ್ಪ ಕಾಲದಲ್ಲೇ ಕೆಲಸಗಾರರು 5,000ದಿಂದ 10,500ಕ್ಕೆ ಏರಿದ್ದರು, ಎಂಟು ಗಂಟೆಯ ಪಾಳಿ ಹನ್ನೆರಡಾಗಿತ್ತು, ಹಾಜರಾತಿ ದಾಖಲಿಸುವ ವ್ಯವಸ್ಥೆಯೇ ಸರಿಯಿರಲಿಲ್ಲ.

ಈ ಕೊನೆಯದು ನನ್ನ ಕಸುಬಿನ ವಿಷಯ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಾಜರಾತಿ ಯಂತ್ರಕ್ಕೆ ನಿಮ್ಮ ಬೆವರು ಗೊತ್ತಾಗುವುದಿಲ್ಲ. ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ, ಎರಡೇ ಅಂಕಿ. ಒಂದು ದಾಖಲಾಗದಿದ್ದರೆ ಆ ದಿನವೇ ಗೈರುಹಾಜರಿ ಆಗಿಬಿಡಬಹುದು. ಸಂಬಳದ ಸಾಫ್ಟ್‌ವೇರ್ ಅದನ್ನು ಪ್ರಶ್ನಿಸದೆ ಗುಣಿಸುತ್ತದೆ. ತಪ್ಪಿದ್ದರೆ ಸರಿಮಾಡಲು ಮನುಷ್ಯ ಬೇಕು, ಹತ್ತು ಸಾವಿರ ಜನರಿಗೆ ಉತ್ತರ ಕೊಡುವಷ್ಟು ಮನುಷ್ಯರು ಬೇಕು. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಕೆಲಸಗಾರರು. ಕಂಪನಿಯವರು ಏಜೆನ್ಸಿ ಕಡೆ ಕೈ ತೋರಿಸಿದರೆ, ಏಜೆನ್ಸಿಯವರು ಕಂಪನಿ ಕಡೆ ತೋರಿಸಿದರೆ, ಹುಡುಗ ಯಾರನ್ನು ಕೇಳಬೇಕು? ಕಾನೂನಿನಲ್ಲಿ ಉತ್ತರವಿತ್ತು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕಿತ್ತು.

ಓವರ್‌ಟೈಮ್ ಲೆಕ್ಕವನ್ನು ಮಕ್ಕಳು ಈಗಲೇ ಮಾಡಬಹುದು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಂತೆ ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ದುಪ್ಪಟ್ಟು ಕೂಲಿ ಇತ್ತು. ಹನ್ನೆರಡು ಗಂಟೆ ಪಾಳಿಯಲ್ಲಿ ಊಟದ ಬಿಡುವು ಕಳೆದು ಹನ್ನೊಂದು ಎಂದುಕೊಳ್ಳಿ. ಆರು ದಿನಕ್ಕೆ 66. ಹದಿನೆಂಟು ಗಂಟೆಗೆ ದುಪ್ಪಟ್ಟು ಬರಬೇಕಿತ್ತು. ಆ ಬೆಳಿಗ್ಗೆ ಎಷ್ಟೋ ಹುಡುಗರ ತಲೆಯಲ್ಲಿ ಓಡುತ್ತಿದ್ದದ್ದು ಇಂಥದ್ದೇ ಲೆಕ್ಕ.

ಆಪಲ್ ಒಂದು ವಾರದಲ್ಲೇ ವಿಸ್ಟ್ರಾನ್‌ಗೆ ಹೊಸ ಆರ್ಡರ್ ನಿಲ್ಲಿಸಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಕಾರ್ಖಾನೆ ಟಾಟಾ ಪಾಲಾಯಿತು.

ಇದು ಕಾರ್ಖಾನೆಯವರ ಪಾಡು, ಸಾಫ್ಟ್‌ವೇರ್‌ನವರು ಸುಖವಾಗಿದ್ದಾರೆ ಎಂದುಕೊಳ್ಳಬೇಡಿ. ಬಿಇ ಮುಗಿದ ಮೇಲೆ ನನ್ನನ್ನು ಸೇರಿಸಿಕೊಂಡ ಬೆಂಗಳೂರಿನ ಒಂದು ಸಣ್ಣ ಕಂಪನಿ ತಿಂಗಳಿಗೆ 18,000 ಎಂದಿತ್ತು. ಸೇರಿದ ಮೇಲೆ ತರಬೇತಿ ಅವಧಿ ಎಂದು 7,000 ಕೊಟ್ಟರು. ಮೂಲ ಅಂಕಪಟ್ಟಿ ಅವರ ಬೀರುವಿನಲ್ಲಿತ್ತು. ಬಾಡಿಗೆ ಕಟ್ಟಲು ಅಪ್ಪ ಹಾಲಿನ ಡೇರಿಯ ಬಟವಾಡೆ ದುಡ್ಡು ಕಳಿಸುತ್ತಿದ್ದರು, ಇಂಜಿನಿಯರ್ ಮಗನಿಗೆ! ಅಂಕಪಟ್ಟಿ ವಾಪಸ್ ಪಡೆಯಲು ಹನ್ನೊಂದು ತಿಂಗಳು ಬೇಕಾಯಿತು.

ಊಟದ ನಂತರ ಒಂದು ಗಂಟೆ ಲ್ಯಾಬಿನ ಪಕ್ಕದ ಕೊಠಡಿಯಲ್ಲಿ ಇರುತ್ತೇನೆ. ನಿಮ್ಮ ಅಣ್ಣ, ಅಕ್ಕ ಕೆಲಸಕ್ಕೆ ಹೋಗುತ್ತಿದ್ದರೆ ಅವರ ಆಫರ್ ಲೆಟರು, ಸಂಬಳದ ಚೀಟಿ ಎರಡನ್ನೂ ತರಲು ಹೇಳಿ. ಪಕ್ಕಪಕ್ಕ ಇಟ್ಟು ಓದೋಣ. ಪಿಎಫ್ ಎಷ್ಟು ಹಿಡಿದಿದ್ದಾರೆ, ಅದು ನಿಜವಾಗಿ ಕಟ್ಟಿದೆಯೇ ಎಂದು ಫೋನಿನಲ್ಲೇ ನೋಡಿಕೊಡುತ್ತೇನೆ.